ಗಣಕಯಂತ್ರ ಏಳದಿದ್ದರೆ

ಗುಂಡಿ ಒತ್ತಿದಿರಿ, ಗಣಕಯಂತ್ರ ಮೌನ. ಪ್ರಾಜೆಕ್ಟ್ ವರದಿ ನಾಳೆಯೇ ಒಪ್ಪಿಸಬೇಕು. ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಇರುವ ನೀವು ಯಂತ್ರವನ್ನು ಹೊತ್ತು ಹಾಸನದ ಬಸ್ಸು ಹತ್ತುವ ಮುನ್ನ, ಗೋಡೆಯಿಂದ ತನಿಖೆ ಆರಂಭಿಸಿರಿ.

ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪು ಸಿಕ್ಕಿಸಿ ನೋಡಿ. ಉರಿದರೆ, ಯುಪಿಎಸ್ ಬದಿಗಿಟ್ಟು ಯಂತ್ರವನ್ನು ನೇರವಾಗಿ ಜೋಡಿಸಿ. ಬ್ಯಾಟರಿ ಸತ್ತ ಯುಪಿಎಸ್ಸೇ ಎಷ್ಟೋ ಬಾರಿ ಅಪರಾಧಿ! ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ, 230 ಇರಬೇಕಾದ ವೋಲ್ಟೇಜ್ ಕುಸಿಯುವುದುಂಟು. ಆಗ ಸ್ವಲ್ಪ ಹೊತ್ತು ಕಾಯುವುದೇ ರಿಪೇರಿ.

ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಮಾನಿಟರಿನ ತಂತಿಯನ್ನು, ರ್‍ಯಾಮ್ ಪಟ್ಟಿಯನ್ನು ನೋಡಬೇಕು. ಫ್ಯಾನೂ ತಿರುಗದಿದ್ದರೆ ಮೊದಲ ಸಂಶಯ ಎಸ್‌ಎಂಪಿಎಸ್ ಮೇಲೆ. ಮನೆಯ ಎಸಿ ವಿದ್ಯುತ್ತನ್ನು 12, 5, 3.3 ವೋಲ್ಟಿನ ಡಿಸಿಯಾಗಿಸುವ ಡಬ್ಬಿ ಅದು. ಅದನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟ್ ಮೀರಿದ ವಿದ್ಯುತ್ ಉಳಿದಿರಬಹುದು, ಪ್ರಾಣಕ್ಕೇ ಅಪಾಯ. ಹಳೆಯದನ್ನು ತೆಗೆದು ಹೊಸ ಡಬ್ಬಿ ಹಾಕಿಸಿ.

ವರದಿಯ ಗತಿ? ಅದಿರುವುದು ಹಾರ್ಡ್ ಡಿಸ್ಕಿನಲ್ಲಿ. ಎಸ್‌ಎಂಪಿಎಸ್ ಕೆಟ್ಟಾಗ ಸಾಮಾನ್ಯವಾಗಿ ಅದಕ್ಕೇನೂ ಆಗಿರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ "ಫಾರ್ಮ್ಯಾಟ್ ಮಾಡಿಬಿಡೋಣ" ಎಂದರೆ ಒಪ್ಪಬೇಡಿ.