ಮಲ್ಲಿಗೆಯ ಪೆಟ್ಟಿಗೆಗೆ ಬೆಂಕಿ ಹಚ್ಚಬೇಡಿ



ನಿಲಕೊಟ್ಟೈ, ದಿಂಡಿಗಲ್ ಕಡೆಯ ಮಲ್ಲಿಗೆಯನ್ನು ನಸುಕಿನಲ್ಲಿ ಮೊಗ್ಗಾಗಿಯೇ ಬಿಡಿಸುತ್ತೇವೆ. ಅರಳಿಬಿಟ್ಟರೆ ದೂರದ ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಬಿಡಿಸಿದ ಮೇಲೂ ಮೊಗ್ಗು ಉಸಿರಾಡುತ್ತದೆ, ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಅದಕ್ಕೇ ಮಧುರೈಯಿಂದ ವಿಮಾನದಲ್ಲಿ ಕೊಲ್ಲಿ ದೇಶಗಳಿಗೂ ಸಿಂಗಪುರಕ್ಕೂ ಹೋಗುವ ಹೂವನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತಂಪಾಗಿಟ್ಟು ಕಳಿಸುತ್ತಾರೆ. 2013ರಲ್ಲಿ ಭೌಗೋಳಿಕ ಸೂಚಿ ಪಡೆದ ಮಧುರೈ ಮಲ್ಲಿಗೆ ಪರದೇಶ ಕಂಡದ್ದು ಈ ಪೆಟ್ಟಿಗೆಯ ಉಪಕಾರದಿಂದ ಎಂಬುದನ್ನು ಮರೆಯದೆ ಮುಂದಿನ ಮಾತು ಹೇಳುತ್ತೇವೆ.

ಹೂವಿನೊಂದಿಗೆ ಹೋದ ಪೆಟ್ಟಿಗೆ ಹಿಂದಿರುಗುವುದಿಲ್ಲ. ಮೂಲೆ ಮುರಿದದ್ದು, ಮುಚ್ಚಳ ಒಡೆದದ್ದು, ಮೀನಿನ ಜೊತೆ ಬಂದದ್ದು ಮಾತ್ರ ಇಲ್ಲೇ ಉಳಿಯುತ್ತದೆ. ಕೊನೆಗೆ ಯಾರೋ ಕಡ್ಡಿ ಗೀರುತ್ತಾರೆ. ಏಳುವ ಕಪ್ಪು ಹೊಗೆಯಲ್ಲಿ ಮಸಿ, ಕಾರ್ಬನ್ ಮಾನಾಕ್ಸೈಡ್, ಸ್ಟೈರೀನ್ ಇರುತ್ತವೆ. ಸ್ಟೈರೀನ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದು ಎಂಬ ವರ್ಗಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಅದನ್ನು ಸೇರಿಸಿತು. ಉಬ್ಬಸದ ಮಗು, ದಮ್ಮಿನ ಅಜ್ಜಿ ಇರುವ ಮನೆಯ ಪಕ್ಕದಲ್ಲಿ ಇದನ್ನು ಸುಡುವುದು ಕಸ ವಿಲೇವಾರಿಯಲ್ಲ, ನೆರೆಯವರಿಗೆ ಮಾಡುವ ಅನ್ಯಾಯ.

ಹಾಗಾದರೆ ಗುಜರಿಯವನಿಗೆ ಕೊಡಬಾರದೇ? ಕೊಡಬಹುದು, ಆದರೆ ಆತ ಮೂಗು ಮುರಿಯುತ್ತಾನೆ. ಥರ್ಮೊಕೋಲ್ ಎಂದರೆ ನೂರಕ್ಕೆ 98 ಪಾಲು ಗಾಳಿ. ಒಂದು ಘನ ಮೀಟರ್ ನೀರು 1000 ಕಿಲೊ ತೂಗಿದರೆ, ಪೆಟ್ಟಿಗೆ ಮಾಡುವ ಥರ್ಮೊಕೋಲ್ ತೂಗುವುದು 15ರಿಂದ 30 ಕಿಲೊ. ಲಾರಿ ತುಂಬಿದರೂ ಬಾಡಿಗೆ ಹುಟ್ಟುವುದಿಲ್ಲ. ಇದು ಎಷ್ಟು ಹಗುರ ಎಂಬುದನ್ನು ನಮ್ಮ ತೇನಿ ಜಿಲ್ಲೆ ಕಣ್ಣಾರೆ ಕಂಡಿದೆ. 2017ರ ಏಪ್ರಿಲ್‌ನಲ್ಲಿ ನೀರು ಆವಿಯಾಗದಿರಲೆಂದು ಮಂತ್ರಿಗಳೊಬ್ಬರು ವೈಗೈ ಅಣೆಕಟ್ಟಿನಲ್ಲಿ ಥರ್ಮೊಕೋಲ್ ಹಾಳೆ ತೇಲಿಬಿಟ್ಟರು. ಗಾಳಿ ಅವನ್ನೆಲ್ಲ ದಡಕ್ಕೆ ತಂದು ಹಾಕಿತು. ನಾಡೆಲ್ಲ ನಕ್ಕಿತು. ಮರುಬಳಕೆಯ ಕಷ್ಟವೂ ಅದೇ ಗಾಳಿಯದ್ದು.

ಗಾಳಿ ತೆಗೆದರೆ ಕೆಲಸ ಸುಲಭ. ಪುಡಿಮಾಡಿ ಒತ್ತುವ ಯಂತ್ರ ಅದನ್ನು ಐವತ್ತರಲ್ಲಿ ಒಂದು ಪಾಲಿಗೆ ಇಳಿಸಬಲ್ಲದು. ಜಪಾನಿನ ಮೀನು ಮಾರುಕಟ್ಟೆಗಳಲ್ಲಿ ಪೆಟ್ಟಿಗೆಗಳನ್ನು ಅಲ್ಲೇ ಕರಗಿಸಿ ಗಟ್ಟಿಯಾಗಿಸಿ ಮಾರುತ್ತಾರೆ. ಅದರಿಂದ ಫೋಟೊ ಚೌಕಟ್ಟುಗಳೂ ಆಗುತ್ತವೆ. ಒಬ್ಬ ರೈತನಿಂದ ಇಂಥ ಯಂತ್ರ ಕೊಳ್ಳಲಾಗದು. ಹೂವಿನ ಮಾರುಕಟ್ಟೆಗೊಂದು ಬಂದರೆ ಸಾಕು. ವ್ಯಾಪಾರಿಗಳ ಸಂಘವೂ ಪುರಸಭೆಯೂ ಕೂಡಿ ಮಾಡಬೇಕಾದ ಕೆಲಸವಿದು, ಕೇಳುವವರು ನಾವಾಗಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡೋಣ? ಪೆಟ್ಟಿಗೆಯನ್ನು ತುಳಿದು ಪುಡಿ ಮಾಡಬೇಡಿ. ಕಾಳುಗಳು ಕಾಲುವೆ ಸೇರಿದರೆ ಹೆಕ್ಕುವವರಿಲ್ಲ. ಗಟ್ಟಿಯಿದ್ದದ್ದನ್ನು ತೊಳೆದು, ಒಣಗಿಸಿ, ನೆರಳಲ್ಲಿ ಒಂದರೊಳಗೊಂದಿಟ್ಟು ಮತ್ತೆ ಹೂವಿಗೇ ಬಳಸಿ; ಬಿಸಿಲು ಅದನ್ನು ಹಳದಿಯಾಗಿಸಿ ಉದುರಿಸುತ್ತದೆ. ಮೀನಿನದ್ದನ್ನು ಬೇರೆ ಇಡಿ, ವಾಸನೆ ಬಂದರೆ ಯಾರೂ ಮುಟ್ಟರು. ಬಿಸಿ ಅಡುಗೆಗಂತೂ ಬೇಡ. ಪೆಟ್ರೋಲಿನಲ್ಲಿ ಕರಗಿಸಿ ಅಂಟು ಮಾಡುವ ಹುಡುಗರನ್ನು ಗದರಿಸಿ ನಿಲ್ಲಿಸಿ. ಒಂದು ಕಿಡಿ ಬಿದ್ದರೆ ಮನೆಯೇ ಹೋದೀತು. ಕ್ರಿಸ್ಮಸ್ ಗೋದಲಿಗೆ ಹಿಮವೆಂದು ಥರ್ಮೊಕೋಲ್ ಉದುರಿಸಿ ಪಕ್ಕದಲ್ಲೇ ಮೇಣದಬತ್ತಿ ಹಚ್ಚುವವರಿಗೂ ಇದೇ ಮಾತು.

ಇನ್ನೊಂದು, ಬಲಿಪೀಠದ ಹೂವು ಚುಚ್ಚುವ ಹಸಿರು ಇಟ್ಟಿಗೆ. ಅದು ಥರ್ಮೊಕೋಲ್ ಅಲ್ಲ, ಫೀನಾಲ್ ಮತ್ತು ಫಾರ್ಮಾಲ್ಡಿಹೈಡಿನಿಂದ ಮಾಡಿದ ನೊರೆ. ಕರಗಿಸಿ ಮತ್ತೆ ಅಚ್ಚು ಹಾಕಲು ಅದು ಬರುವುದಿಲ್ಲ, ಮಣ್ಣಿಗೂ ಸೇರದು. ಹಿತ್ತಾಳೆಯ ಹೂಜಿಯಲ್ಲಿ ನೀರು ತುಂಬಿ ಹೂವಿಡುವುದನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು.