ಭಾರತೀಯ ಸಂಜ್ಞಾ ಭಾಷಾ ದುಭಾಷಿ

ಭಾರತೀಯ ಸಂಜ್ಞಾ ಭಾಷಾ ದುಭಾಷಿಯು ಸಂಜ್ಞಾ ಭಾಷೆಯನ್ನು ಬಳಸುವ ಕಿವುಡರು ಹಾಗೂ ಮಾತಿನ ಭಾಷೆಯನ್ನು ಬಳಸುವವರ ನಡುವೆ ಎರಡೂ ಕಡೆಯ ಅರ್ಥವನ್ನು ತಲುಪಿಸುವ ವೃತ್ತಿಪರ. ಶಾಲಾ ಕಾಲೇಜು, ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯ ಮತ್ತು ದೂರದರ್ಶನ ವಾರ್ತೆ ಇವರ ಮುಖ್ಯ ಕಾರ್ಯಕ್ಷೇತ್ರಗಳು. 2011ರ ಜನಗಣತಿಯು ಭಾರತದಲ್ಲಿ ಸುಮಾರು 50.7 ಲಕ್ಷ ಮಂದಿಗೆ ಶ್ರವಣ ನ್ಯೂನತೆ ಇರುವುದಾಗಿ ದಾಖಲಿಸಿದೆ. ಇವರೆಲ್ಲರೂ ಸಂಜ್ಞಾ ಭಾಷೆಯನ್ನು ಬಳಸುವವರಲ್ಲ.

ಭಾಷೆಯ ಸ್ವರೂಪ

ಭಾರತೀಯ ಸಂಜ್ಞಾ ಭಾಷೆಯು ಕನ್ನಡ, ಹಿಂದಿ ಅಥವಾ ಇಂಗ್ಲಿಷ್ ಪದಗಳನ್ನು ಕೈಸನ್ನೆಗೆ ಇಳಿಸಿದ ರೂಪವಲ್ಲ; ಅದಕ್ಕೆ ತನ್ನದೇ ಆದ ವ್ಯಾಕರಣವಿದೆ. 'ಏನು', 'ಎಲ್ಲಿ' ಮೊದಲಾದ ಪ್ರಶ್ನಾರ್ಥಕ ಸಂಜ್ಞೆಗಳು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತವೆ. ಹುಬ್ಬು, ತಲೆ ಮತ್ತು ಮುಖಭಾವಗಳೂ ವ್ಯಾಕರಣದ ಅಂಗಗಳು. ಅವುಗಳನ್ನು ಕಡೆಗಣಿಸಿದರೆ ಪ್ರಶ್ನೆಯೊಂದು ಹೇಳಿಕೆಯಾಗಿ ಅರ್ಥವಾಗಬಹುದು. ಆದ್ದರಿಂದ ಸಂಜ್ಞೆಗಳ ಪರಿಚಯ ಮಾತ್ರದಿಂದ ಒಬ್ಬರು ದುಭಾಷಿಯಾಗುವುದಿಲ್ಲ.

ಶಿಕ್ಷಣ ಮತ್ತು ತರಬೇತಿ

ಕಿವುಡ ತಂದೆತಾಯಿಗಳ ಕೇಳಬಲ್ಲ ಮಕ್ಕಳು ಈ ಭಾಷೆಯನ್ನು ಮನೆಯಲ್ಲಿಯೇ ಕಲಿಯುತ್ತಾರೆ. ಅವರಲ್ಲಿ ಅನೇಕರು ಚಿಕ್ಕಂದಿನಿಂದಲೇ ಮನೆಯವರಿಗೆ ದುಭಾಷಿಗಳಾಗಿರುತ್ತಾರೆ. ಇತರರು ತರಗತಿಗಳಲ್ಲಿ ಹಾಗೂ ಕಿವುಡ ಸಮುದಾಯದ ಒಡನಾಟದಲ್ಲಿ ಕಲಿಯುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ 'ಭಾರತೀಯ ಸಂಜ್ಞಾ ಭಾಷಾ ದುಭಾಷಿ ಡಿಪ್ಲೊಮಾ' ಈ ವೃತ್ತಿಯ ಪ್ರಮುಖ ಅರ್ಹತೆ. 2015ರಲ್ಲಿ ನವದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಈ ಕೋರ್ಸನ್ನು ನಡೆಸುತ್ತದೆ. ಇದೇ ಕೇಂದ್ರವು 2021ರಲ್ಲಿ 10,000 ಪದಗಳ ಸಂಜ್ಞಾ ಭಾಷಾ ನಿಘಂಟನ್ನು ಪ್ರಕಟಿಸಿತು. ಕಿವುಡರನ್ನೇ ಸಂಜ್ಞಾ ಭಾಷಾ ಶಿಕ್ಷಕರನ್ನಾಗಿ ಸಿದ್ಧಪಡಿಸುವ ಪ್ರತ್ಯೇಕ ಡಿಪ್ಲೊಮಾ ಸಹ ಇದೆ.

ವೃತ್ತಿಧರ್ಮ

ದುಭಾಷಿಯು ಹೇಳಿದ್ದಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು, ಸಲಹೆ ನೀಡಬಾರದು, ಕೇಳಿದ ವಿಷಯವನ್ನು ಗೋಪ್ಯವಾಗಿಡಬೇಕು. ಆಸ್ಪತ್ರೆಯಲ್ಲಿ ಸಂಬಂಧಿಕರೇ ದುಭಾಷಿಗಳಾದಾಗ ಕಹಿ ಸುದ್ದಿಯನ್ನು ಮರೆಮಾಚುವ ಅಥವಾ ರೋಗಿಯ ಪರವಾಗಿ ತಾವೇ ತೀರ್ಮಾನಿಸುವ ಸಾಧ್ಯತೆ ಇರುತ್ತದೆ. ಆಗ ರೋಗಿಯು ತನ್ನ ಚಿಕಿತ್ಸೆಯ ಬಗ್ಗೆ ಸ್ವತಃ ನಿರ್ಧರಿಸುವ ಅವಕಾಶವನ್ನು ಕಳೆದುಕೊಳ್ಳುತ್ತಾನೆ. ಏಕಕಾಲಿಕ ಭಾಷಾಂತರವು ಬಹಳ ಆಯಾಸಕರವಾದ್ದರಿಂದ ದೀರ್ಘ ಸಭೆಗಳಲ್ಲಿ ಇಬ್ಬರು ಸರದಿಯಂತೆ ಕೆಲಸ ಮಾಡುತ್ತಾರೆ. ಶಾಲೆಗೆ ಹೋಗದ, ಮನೆಯ ಸನ್ನೆಗಳನ್ನಷ್ಟೇ ಬಲ್ಲ ವ್ಯಕ್ತಿಯ ಮಾತನ್ನು ತಿಳಿಯಲು ಕಿವುಡ ದುಭಾಷಿಯೊಬ್ಬರ ನೆರವನ್ನೂ ಪಡೆಯುವುದುಂಟು.

ಕಾನೂನು ಮತ್ತು ನ್ಯಾಯಾಲಯ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಸಂಜ್ಞಾ ಭಾಷೆಯನ್ನು ಸಂವಹನದ ಮಾಧ್ಯಮಗಳಲ್ಲಿ ಒಂದೆಂದು ಪರಿಗಣಿಸುತ್ತದೆ. ಮಾತನಾಡಲಾಗದ ಸಾಕ್ಷಿಯ ಹೇಳಿಕೆಯನ್ನು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ದಾಖಲಿಸಿ, ಅದನ್ನು ವಿಡಿಯೊ ಚಿತ್ರೀಕರಿಸಬೇಕೆಂಬ ನಿಯಮವನ್ನು 2013ರ ತಿದ್ದುಪಡಿಯು ಸಾಕ್ಷ್ಯ ಕಾನೂನಿಗೆ ಸೇರಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯ ಮೂಲಕ ಸರ್ವೋಚ್ಚ ನ್ಯಾಯಾಲಯದ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅವರ ವಾದವನ್ನು ದುಭಾಷಿಯ ಮೂಲಕ ಆಲಿಸಿತು.