'ಹಂದಿಜ್ವರ': ಹೆಸರಿನಿಂದ ಹಬ್ಬಿದ ಭಯ

2009ರಲ್ಲಿ ಎಚ್1ಎನ್1 ಜ್ವರ ಹರಡಿದಾಗ ಎಲ್ಲರ ಬಾಯಲ್ಲೂ ಇದ್ದ ಹೆಸರು 'ಹಂದಿಜ್ವರ'. ಮದುವೆ, ರೋಸ್, ಹೊಸ ಮನೆಯ ಆಶೀರ್ವಾದಕ್ಕೆ ಹಂದಿಮಾಂಸದ ಅಡುಗೆ ಮಾಡುವ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಈ ಹೆಸರು ಕೇಳಿದೊಡನೆ ಏಳುವ ಪ್ರಶ್ನೆ ಒಂದೇ: ಹಂದಿಮಾಂಸ ತಿನ್ನಬಹುದೇ? ಚೆನ್ನಾಗಿ ಬೇಯಿಸಿದ ಮಾಂಸದಿಂದ ಈ ರೋಗ ಬರುವುದಿಲ್ಲ. ಕೆಮ್ಮು, ಸೀನು ಮತ್ತು ತೊಳೆಯದ ಕೈಗಳ ಮೂಲಕ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷದ ಏಪ್ರಿಲ್ 30ರಂದು ಆ ಹೆಸರನ್ನು ಕೈಬಿಟ್ಟಿತು. ಜನರ ನಾಲಗೆ ಮಾತ್ರ ಬಿಡಲಿಲ್ಲ.

ತಪ್ಪು ಸಂದೇಶದ ಬೆಲೆ ಎಷ್ಟೆಂದು ಈಜಿಪ್ಟಿನಲ್ಲಿ ಕಾಣಬಹುದು. ಏಪ್ರಿಲ್ ಕೊನೆಯಲ್ಲಿ ಅಲ್ಲಿನ ಸರಕಾರವು ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆದೇಶಿಸಿತು. ಆಗ ಅಲ್ಲಿ ಈ ಜ್ವರದ ಒಂದು ಪ್ರಕರಣವೂ ಪತ್ತೆಯಾಗಿರಲಿಲ್ಲ! ಹಂದಿ ಸಾಕುತ್ತಿದ್ದವರಲ್ಲಿ ಹೆಚ್ಚಿನವರು ಕೈರೋ ನಗರದ ಕಸ ಸಂಗ್ರಹಿಸಿ ಬದುಕುವ ಬಡ ಕಾಪ್ಟಿಕ್ ಕ್ರೈಸ್ತರು. ಮನೆಮನೆಯ ಉಳಿದ ಆಹಾರವೇ ಅವರ ಹಂದಿಗಳಿಗೆ ಮೇವು. ಹಂದಿಗಳು ಹೋದ ಮೇಲೆ ಅವರ ಆದಾಯವೂ ಹೋಯಿತು, ಕೈರೋ ಬೀದಿಗಳಲ್ಲಿ ಕೊಳೆತ ಕಸವೂ ರಾಶಿಬಿತ್ತು. ರೋಗವೋ, ಜೂನ್‌ನಲ್ಲಿ ಅಮೇರಿಕದಿಂದ ಬಂದ ಪ್ರಯಾಣಿಕರೊಂದಿಗೆ ಬಂದೇ ಬಂತು.

ನಮ್ಮ ದೇಶದಲ್ಲಿ 2009ರ ಆಗಸ್ಟ್ 3ರಂದು ಪುಣೆಯಲ್ಲಿ ಮೊದಲ ಸಾವು ಸಂಭವಿಸಿದಾಗ ಮಾಸ್ಕ್‌ಗಾಗಿ, ಪರೀಕ್ಷೆಗಾಗಿ ನೂಕುನುಗ್ಗಲಾಯಿತು. ಯಾರಿಗೆ ಪರೀಕ್ಷೆ ಬೇಕು, ಯಾರಿಗೆ ಬೇಡ ಎಂಬುದನ್ನು ಕೇಂದ್ರ ಸರಕಾರವು ಎ, ಬಿ, ಸಿ ಎಂಬ ವರ್ಗಗಳಾಗಿ ವಿಂಗಡಿಸಿತು. ಸಾಧಾರಣ ಜ್ವರ, ಗಂಟಲು ನೋವು ಇದ್ದವರು ಮನೆಯಲ್ಲಿಯೇ ಇರಬೇಕು. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಸಕ್ಕರೆ ಕಾಯಿಲೆಯವರು ಜ್ವರ ಬಂದರೆ ಬೇಗ ವೈದ್ಯರನ್ನು ಕಾಣಬೇಕು. ಉಸಿರಾಟದ ತೊಂದರೆ, ಎದೆನೋವು, ಮಂಪರು ಇದ್ದರೆ ತಕ್ಷಣ ಆಸ್ಪತ್ರೆಗೆ ದಾಖಲಾಗಬೇಕು. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಸಂದೇಶ ಇದೇ; ಆದರೆ ಅದು ವೈದ್ಯರ ಭಾಷೆಯಲ್ಲಿತ್ತು.

ಈ ಜ್ವರ ಈಗ ಪ್ರತಿವರ್ಷ ಬರುವ ಫ್ಲೂಗಳಲ್ಲಿ ಒಂದು. ಆರೋಗ್ಯ ಇಲಾಖೆಯ ಪ್ರಕಟಣೆ ಚರ್ಚಿಗೆ ಬಂದಾಗ ಬಲಿಪೂಜೆಯ ಕೊನೆಯಲ್ಲಿ ಒಂದೇ ಉಸಿರಿಗೆ ಓದಿ ಮುಗಿಸುವ ಬದಲು, ಮೇಲಿನ ಮೂರು ಮಾತುಗಳನ್ನು ಕೊಂಕಣಿಯಲ್ಲಿಯೂ ಹೇಳಿ, ಗುರಿಕಾರರ ಮೂಲಕ ವಾಳೆಯ ಮನೆಗಳಿಗೆ ತಲುಪಿಸಬಹುದು. ಸರಕಾರ ಹೇಳಲಾಗದ ಇನ್ನೊಂದು ಮಾತನ್ನು ಧರ್ಮಗುರುಗಳೇ ಹೇಳಬೇಕು. ಆದಿತ್ಯವಾರದ ಪೂಜೆ ತಪ್ಪಿದರೆ ಪಾಪವೆಂದು ಜ್ವರದಲ್ಲೇ ಚರ್ಚಿಗೆ ಬಂದು ಬೆಂಚಿನಲ್ಲಿ ಒತ್ತಾಗಿ ಕೂರುವ ಹಿರಿಯರು ನಮ್ಮಲ್ಲಿದ್ದಾರೆ. ಅನಾರೋಗ್ಯದಲ್ಲಿರುವವರಿಗೆ ಆ ಕಟ್ಟಳೆಯಿಂದ ವಿನಾಯಿತಿ ಇದೆಯೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿಯೇ ಇದೆ.